ಎರಡು ಇಂಜೆಕ್ಷನ್ ಆದ ಮೇಲೆ ಟಿ ಕೋಶಗಳ ಗತಿ ಏನು?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು ಇದೆ, ಗಲ್ಲೆಯಲ್ಲಿ ಕೂರುವವನು ಅವನೇ. ಐದು ತಿಂಗಳ ಹಿಂದೆ ಅಮ್ಮ ಕೊಟ್ಟ ಕಿಡ್ನಿಯನ್ನು ಅವನಿಗೆ ಕಸಿ ಮಾಡಿದರು. ಆಗ ಬೆಸಿಲಿಕ್ಸಿಮ್ಯಾಬ್ ಎಂಬ ಮೊನೊಕ್ಲೋನಲ್ ಇಂಜೆಕ್ಷನ್ನನ್ನು ಎರಡು ಸಲ ಕೊಟ್ಟರು. ಪಕ್ಕದ ಹಾಸಿಗೆಯ ಹೆಂಗಸಿಗೆ ಎಟಿಜಿ ಎಂಬ ಬೇರೆ ಔಷಧ ಕೊಟ್ಟಿದ್ದರು. ಅವರ ಸಿಡಿ4 (ಟಿ ಕೋಶಗಳ ಒಂದು ಬಗೆ) ಎಣಿಕೆ ಈಗ 110ಕ್ಕೆ ಇಳಿದಿದೆಯಂತೆ. ತಮ್ಮನ ಟಿ ಕೋಶಗಳೂ ಹೀಗೆ ಸತ್ತುಹೋಗಿವೆಯೆ? ಇದು ಎಚ್‌ಐವಿ ಇದ್ದ ಹಾಗೆಯೇ ಅಲ್ಲವೇ ಎಂದು ಅಮ್ಮ ಹೆದರಿದ್ದಾರೆ. ಅಷ್ಟು ದುಬಾರಿಯ ಇಂಜೆಕ್ಷನ್ ಕೊಟ್ಟ ಮೇಲೂ ದಿನಾ ಮಾತ್ರೆ ಏಕೆ? ಪುಣೆಯಲ್ಲಿರುವ ನಮ್ಮ ಸೋದರಮಾವನಿಗೆ ಶ್ವಾಸಕೋಶದ ಕ್ಯಾನ್ಸರಿಗೆ ಕೊಡುತ್ತಿರುವುದೂ ಮೊನೊಕ್ಲೋನಲ್ ಔಷಧವೇ. ಅದು ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ ಎನ್ನುತ್ತಾರೆ. ಒಂದೇ ಜಾತಿಯ ಔಷಧ ಒಬ್ಬರಲ್ಲಿ ಹೆಚ್ಚಿಸಿ, ಇನ್ನೊಬ್ಬರಲ್ಲಿ ತಗ್ಗಿಸುವುದು ಹೇಗೆ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅದನ್ನು ಬಿಡಿಸಿದರೆ ಉಳಿದವುಗಳ ಗಂಟು ಅರ್ಧ ಸಡಿಲವಾಗುತ್ತದೆ.

ಪ್ರತಿಕಾಯ ಎಂದರೆ ಗೊತ್ತಾದ ಗುರಿಗೆ ಹೋಗಿ ಅಂಟಿಕೊಳ್ಳುವ ಪ್ರೋಟೀನು. ಮೊನೊಕ್ಲೋನಲ್ ಪ್ರತಿಕಾಯ ಎನ್ನುವುದು ಔಷಧವನ್ನು ತಯಾರಿಸುವ ರೀತಿಗೆ ಸಂಬಂಧಿಸಿದ ಮಾತು. ಅದು ದೇಹದಲ್ಲಿ ಏನು ಮಾಡುತ್ತದೆ ಎಂಬುದು ಅದರಿಂದ ತಿಳಿಯುವುದಿಲ್ಲ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಅವರು ಪ್ರತಿಕಾಯ ತಯಾರಿಸುವ ಇಲಿಯ ಕೋಶವನ್ನು ಸಾಯದೆ ಬೆಳೆಯುತ್ತಲೇ ಇರುವ ಕ್ಯಾನ್ಸರ್ ಕೋಶದ ಜೊತೆ ಬೆಸೆದರು. ಒಂದೇ ಗುರಿಯನ್ನು ಹಿಡಿಯುವ, ಒಂದೇ ಅಚ್ಚಿನ ಪ್ರತಿಕಾಯಗಳು ಬೇಕಾದಷ್ಟು ಸಿಗತೊಡಗಿದ್ದು ಆಗ. 1984ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗೆ ತಯಾರಾದ ಪ್ರತಿಕಾಯ ಟಿ ಕೋಶದ (ಹೊರಗಿನದನ್ನು ಗುರುತಿಸಿ ದಾಳಿ ಮಾಡುವ ಬಿಳಿ ರಕ್ತಕೋಶ) ಮೈಮೇಲಿನ ಯಾವ ಪ್ರೋಟೀನನ್ನು ಹಿಡಿಯುತ್ತದೆ, ಹಿಡಿದ ಮೇಲೆ ಸುಮ್ಮನೆ ದಾರಿಗೆ ಅಡ್ಡ ನಿಲ್ಲುತ್ತದೆಯೋ ಅಥವಾ ಆ ಕೋಶವನ್ನು ಕೊಲ್ಲಲು ಬೇರೆಯವರನ್ನು ಕರೆಯುತ್ತದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆದ್ದರಿಂದ ಇಂತಹ ಔಷಧದ ಹೆಸರು ಕೇಳಿದಾಗ ‘ಇದು ಶಕ್ತಿ ಹೆಚ್ಚಿಸುತ್ತದೋ ತಗ್ಗಿಸುತ್ತದೋ’ ಎಂದು ಕೇಳಬೇಡಿ. ‘ಇದು ಎಲ್ಲಿ ಹೋಗಿ ಕೂರುತ್ತದೆ, ಎಷ್ಟು ದಿನ ಕೂರುತ್ತದೆ’ ಎಂದು ಕೇಳಿ. ನಿಮ್ಮ ವೈದ್ಯರಿಗೆ ಈ ಪ್ರಶ್ನೆ ಖಂಡಿತ ಇಷ್ಟವಾಗುತ್ತದೆ.

ಟಿ ಕೋಶ ಹೊಸ ಕಿಡ್ನಿಯ ಮೇಲೆ ಏರಿಹೋಗುವುದು ಒಂದೇ ಹೆಜ್ಜೆಯಲ್ಲಲ್ಲ. ಮೊದಲು ಅದು ಅನ್ಯ ಅಂಗಾಂಶದ ಗುರುತನ್ನು ಹಿಡಿಯಬೇಕು. ಆ ಸುದ್ದಿಯನ್ನು ಕೋಶದೊಳಕ್ಕೆ ಮುಟ್ಟಿಸುವುದು ಸಿಡಿ3 ಎಂಬ ಪ್ರೋಟೀನು. ಎರಡನೆಯದಾಗಿ, ಸಿಡಿ28 ಎಂಬ ಇನ್ನೊಂದು ಪ್ರೋಟೀನಿನ ಮೂಲಕ ‘ಹೌದು, ಮುಂದುವರಿ’ ಎಂಬ ಅನುಮೋದನೆ ಬರಬೇಕು. ಈ ಎರಡೂ ಆದ ಮೇಲೆ ಕೋಶ ಇಂಟರ್‌ಲ್ಯೂಕಿನ್-2 ಎಂಬ ರಾಸಾಯನಿಕವನ್ನು ಸುರಿಸುತ್ತದೆ ಮತ್ತು ಅದನ್ನು ತಾನೇ ಹೀರಿಕೊಳ್ಳಲು ಮೈಮೇಲೆ ಸಿಡಿ25 ಎಂಬ ಗ್ರಾಹಕವನ್ನು ಮೂಡಿಸಿಕೊಳ್ಳುತ್ತದೆ. ಆಗ ಒಂದಿದ್ದದ್ದು ಎರಡಾಗಿ, ಎರಡಿದ್ದದ್ದು ನಾಲ್ಕಾಗಿ, ಕೆಲವೇ ದಿನಗಳಲ್ಲಿ ಒಂದು ದಂಡೇ ತಯಾರಾಗುತ್ತದೆ.

ಬೆಸಿಲಿಕ್ಸಿಮ್ಯಾಬ್ ಹೋಗಿ ಕೂರುವುದು ಈ ಕೊನೆಯ ಸಿಡಿ25ರ ಮೇಲೆ. ವಿಶ್ರಾಂತಿಯಲ್ಲಿರುವ ಬಹುಪಾಲು ಟಿ ಕೋಶಗಳ ಮೇಲೆ ಸಿಡಿ25 ಇರುವುದೇ ಇಲ್ಲ. ಕೆರಳಿದ ಕೋಶಗಳಲ್ಲಷ್ಟೇ ಅದು ಮೂಡುತ್ತದೆ. ಹಾಗಾಗಿ ಔಷಧ ತಡೆಯುವುದು ಆ ಹೊತ್ತಿನಲ್ಲಿ ಕಿಡ್ನಿಯ ವಿರುದ್ಧ ಎದ್ದು ನಿಂತ ಕೋಶಗಳು ಹೆಚ್ಚದಂತೆ ಮಾತ್ರ. ಉಳಿದವು ಇದ್ದಲ್ಲೇ ಇರುತ್ತವೆ. ವಯಸ್ಕರಿಗೆ 20 ಮಿಲಿಗ್ರಾಂನಂತೆ ಎರಡು ಸಲ ಕೊಡುತ್ತಾರೆ: ಶಸ್ತ್ರಕ್ರಿಯೆಗೆ ಮುನ್ನ ಎರಡು ಗಂಟೆಯೊಳಗೆ ಒಂದು, ನಾಲ್ಕನೆಯ ದಿನ ಇನ್ನೊಂದು. ಇಷ್ಟರಿಂದ ಸಿಡಿ25 ಸುಮಾರು ನಾಲ್ಕರಿಂದ ಆರು ವಾರ ಮುಚ್ಚಿರುತ್ತದೆ. ನಿಮ್ಮ ತಮ್ಮನಿಗೆ ಐದು ತಿಂಗಳಾಗಿದೆ. ಅಂದರೆ ಆ ಇಂಜೆಕ್ಷನ್ನಿನ ಕೆಲಸ ಯಾವತ್ತೋ ಮುಗಿದಿದೆ. ಅವರ ಟಿ ಕೋಶಗಳು ಸತ್ತಿಲ್ಲ. ಈಗ ಅವರ ನಿರೋಧಕ ಶಕ್ತಿ ತಗ್ಗಿರುವುದು ಮಾತ್ರೆಗಳಿಂದ.

ಎಟಿಜಿಯ ಕತೆಯೇ ಬೇರೆ. ಮೊದಲಾಗಿ ಅದು ಮೊನೊಕ್ಲೋನಲ್ ಅಲ್ಲ. ಮನುಷ್ಯರ ಥೈಮಸ್ ಗ್ರಂಥಿಯ ಕೋಶಗಳನ್ನು ಮೊಲಕ್ಕೆ ಚುಚ್ಚಿ, ಮೊಲದ ರಕ್ತದಲ್ಲಿ ಹುಟ್ಟಿಕೊಳ್ಳುವ ನಾನಾ ಬಗೆಯ ಪ್ರತಿಕಾಯಗಳನ್ನು ಬೇರ್ಪಡಿಸಿ ತೆಗೆದ ಮಿಶ್ರಣ ಅದು. ಟಿ ಕೋಶದ ಮೇಲಿನ ಹತ್ತಾರು ಗುರಿಗಳನ್ನು ಒಟ್ಟಿಗೆ ಹಿಡಿದು ಕೋಶವನ್ನೇ ನಾಶ ಮಾಡುತ್ತದೆ. ಗಲ್ಲೆಯಲ್ಲಿ ಕೂರುವ ನಿಮ್ಮ ತಮ್ಮನಿಗೆ ಹೀಗೆ ಹೇಳಿ: ಎಟಿಜಿ ಎಂದರೆ ಅಡುಗೆಮನೆಯ ಭಟ್ಟರನ್ನೆಲ್ಲ ಊರಿಗೆ ಕಳುಹಿಸಿದಂತೆ. ಬೆಸಿಲಿಕ್ಸಿಮ್ಯಾಬ್ ಎಂದರೆ ಭಟ್ಟರೆಲ್ಲ ಒಲೆಯ ಮುಂದೆಯೇ ಇದ್ದಾರೆ, ಹೊರಗಿನ ಆರ್ಡರು ಮಾತ್ರ ಅವರ ಕಿವಿಗೆ ಬೀಳುತ್ತಿಲ್ಲ.

ಹಾಗಾದರೆ ಪಕ್ಕದ ಹಾಸಿಗೆಯವರಿಗೆ ಏಕೆ ಅದನ್ನು ಕೊಟ್ಟರು ಎಂದು ನೀವು ಕೇಳಬಹುದು. ಅವರ ಕಡತವನ್ನು ನಾನು ನೋಡಿಲ್ಲ, ಆದರೆ ನಮ್ಮ ವಾರ್ಡುಗಳಲ್ಲಿ ದಿನವೂ ಕಾಣುವ ಕಾರಣಗಳನ್ನು ಹೇಳಬಲ್ಲೆ. ಹೆರಿಗೆಯಾದ ಹೆಂಗಸರ ದೇಹ ಗರ್ಭದಲ್ಲಿದ್ದ ಮಗುವಿನ ಮೂಲಕ ಗಂಡನ ಅಂಗಾಂಶದ ಗುರುತುಗಳಿಗೆ ಒಮ್ಮೆ ಎದುರಾಗಿರುತ್ತದೆ. ಆ ನೆನಪು ಉಳಿದಿರುವುದುಂಟು. ಗಂಡನೇ ಕಿಡ್ನಿ ಕೊಟ್ಟರಂತೂ ಎಚ್ಚರ ಇಮ್ಮಡಿ ಬೇಕು. ಡಯಾಲಿಸಿಸ್ ಕಾಲದಲ್ಲಿ ಹಲವು ಸಲ ರಕ್ತ ಹಾಕಿಸಿಕೊಂಡವರು, ಎರಡನೆಯ ಸಲ ಕಸಿ ಮಾಡಿಸಿಕೊಳ್ಳುವವರು, ಮಿದುಳು ನಿಷ್ಕ್ರಿಯವಾದ ದಾನಿಯಿಂದ ಬಂದು ಬಹಳ ಹೊತ್ತು ಮಂಜುಗಡ್ಡೆಯ ಮೇಲಿದ್ದ ಕಿಡ್ನಿ ಪಡೆದವರು ಕೂಡ ಇದೇ ಸಾಲಿಗೆ ಸೇರುತ್ತಾರೆ. ನಿಮ್ಮ ತಮ್ಮನಿಗೆ ಕೊಟ್ಟವರು ತಾಯಿ, ಅಂಗಾಂಶದ ಗುರುತುಗಳಲ್ಲಿ ಅರ್ಧ ಅವರದೇ. ಅಪಾಯ ಕಡಿಮೆ ಇದ್ದವರಿಗೆ ಬೆಸಿಲಿಕ್ಸಿಮ್ಯಾಬ್ ಬಗೆಯದು, ಹೆಚ್ಚಿದ್ದವರಿಗೆ ಕೋಶಗಳನ್ನು ನಾಶ ಮಾಡುವ ಬಗೆಯದು ಎಂಬುದು 2009ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಇರುವ ಮಾತು. ಆಕೆಗೆ ಜೋರಿನ ಔಷಧ ಸಿಕ್ಕಿತು, ನಮಗೆ ಸಪ್ಪೆಯದು ಸಿಕ್ಕಿತು ಎಂದು ಅಮ್ಮ ಅಂದುಕೊಳ್ಳುವುದು ಬೇಡ. ಇಲ್ಲಿ ಸಪ್ಪೆಯದೇ ಸಾಕಾಗುವುದು ಅದೃಷ್ಟ.

ಟಿ ಕೋಶಗಳನ್ನು ನಾಶ ಮಾಡುವ ನಿಜವಾದ ಮೊನೊಕ್ಲೋನಲ್ ಬೇಕಿದ್ದರೆ ಅಲೆಮ್ಟುಜುಮ್ಯಾಬ್ ಇದೆ. ಅದು ಹಿಡಿಯುವುದು ಸಿಡಿ52ನ್ನು. ಟಿ ಕೋಶ, ಪ್ರತಿಕಾಯಗಳ ಮೂಲವಾದ ಬಿ ಕೋಶ ಎರಡರ ಮೇಲೂ ಅದು ದಂಡಿಯಾಗಿರುತ್ತದೆ. 30 ಮಿಲಿಗ್ರಾಂನ ಒಂದೇ ಡೋಸು ರಕ್ತದ ಲಿಂಫೋಸೈಟ್‌ಗಳನ್ನು (ಟಿ, ಬಿ ಕೋಶಗಳು ಸೇರುವ ಗುಂಪು) ಗುಡಿಸಿಹಾಕುತ್ತದೆ. ಆಮೇಲೆ ಯಾರು ಯಾವಾಗ ಮರಳುತ್ತಾರೆ ಎಂಬುದು ಸ್ವಾರಸ್ಯದ ಸಂಗತಿ. ಬಿ ಕೋಶಗಳು ಸುಮಾರು ಆರು ತಿಂಗಳಲ್ಲಿ ಬಂದುಬಿಡುತ್ತವೆ. ಟಿ ಕೋಶಗಳಲ್ಲಿ ಸಿಡಿ8 ಬಗೆಯವು ಬೇಗ, ಸಿಡಿ4 ಬಗೆಯವು ತೀರ ನಿಧಾನ. ವರ್ಷ ಕಳೆದರೂ ಹಳೆಯ ಮಟ್ಟ ಮುಟ್ಟದಿರುವುದು ಸಾಮಾನ್ಯ. ಎಟಿಜಿಯಲ್ಲೂ ಇದೇ ಕ್ರಮ. ಹೊಸ ಸಿಡಿ4 ಕೋಶಗಳು ಥೈಮಸ್ ಗ್ರಂಥಿಯಲ್ಲಿ ತಯಾರಾಗಿ ಬರಬೇಕು, ಆ ಗ್ರಂಥಿಯೋ ಯೌವನ ಕಳೆದಂತೆ ಕುಗ್ಗುತ್ತ ಹೋಗುತ್ತದೆ. ಇಪ್ಪತ್ತೈದರ ಹುಡುಗನಲ್ಲಿ ಎಣಿಕೆ ಏರಿದಷ್ಟು ಬೇಗ ಐವತ್ತೈದರ ಹೆಂಗಸಿನಲ್ಲಿ ಏರುವುದಿಲ್ಲ. ಆ ಹೆಂಗಸಿನ 110 ಎಂಬ ಅಂಕಿಯಲ್ಲಿ ಔಷಧದ ಪಾಲಿನಷ್ಟೇ ವಯಸ್ಸಿನ ಪಾಲೂ ಇರಬಹುದು.

ಇನ್ನೊಂದು ಸೂಕ್ಷ್ಮವಿದೆ. ಕೋಶಗಳನ್ನು ನಾಶ ಮಾಡುವ ಔಷಧ ಎಲ್ಲವನ್ನೂ ಸಮನಾಗಿ ಕೊಲ್ಲುವುದಿಲ್ಲ. ಹಿಂದೆ ಯಾವುದೋ ಸೋಂಕನ್ನೋ ಅನ್ಯ ಅಂಗಾಂಶವನ್ನೋ ಕಂಡು ಪಳಗಿದ ಟಿ ಕೋಶಗಳು, ಅಂದರೆ ನೆನಪಿನ ಕೋಶಗಳು, ಇಂತಹ ದಾಳಿಯಲ್ಲಿ ಹೆಚ್ಚಾಗಿ ಬದುಕುಳಿಯುತ್ತವೆ. ಸುತ್ತಲಿನ ಜಾಗ ಖಾಲಿಯಾದದ್ದನ್ನು ಕಂಡು ಅವೇ ವೇಗವಾಗಿ ಹೆಚ್ಚತೊಡಗುತ್ತವೆ. ಹಾಗಾಗಿ ಎಣಿಕೆ ಬಹಳ ಕೆಳಗಿದ್ದಾಗಲೂ ನಿರಾಕರಣೆ, ಅಂದರೆ ಹೊಸ ಕಿಡ್ನಿಯ ಮೇಲೆ ದೇಹದ ದಾಳಿ, ಆಗಬಲ್ಲದು. ‘ಟಿ ಕೋಶಗಳೇ ಇಲ್ಲವಲ್ಲ, ಇನ್ನು ಕಿಡ್ನಿಗೆ ಭಯವೇನು’ ಎಂದು ಕೆಲವರು ಮಾತ್ರೆಯಲ್ಲಿ ಉದಾಸೀನ ಮಾಡುತ್ತಾರೆ. ಅವರಿಗೆ ನಾನು ಹೇಳುವುದು ಇದನ್ನೇ: ಉಳಿದವು ಕೆಲವೇ ಆದರೂ ಅವು ಹಳೆಯ ಹುಲಿಗಳು.

ಈ ಎಲ್ಲ ಔಷಧಗಳ ಹಿರಿಯಣ್ಣನ ಬಗ್ಗೆಯೂ ಒಂದು ಮಾತು ಹೇಳಬೇಕು. ಮನುಷ್ಯರ ಚಿಕಿತ್ಸೆಗೆ ಅಮೆರಿಕದ ಅನುಮತಿ ಪಡೆದ ಮೊಟ್ಟಮೊದಲ ಮೊನೊಕ್ಲೋನಲ್ ಪ್ರತಿಕಾಯ ಒಕೆಟಿ3, ಅದೂ ಕಿಡ್ನಿ ಕಸಿಗಾಗಿಯೇ, 1986ರಲ್ಲಿ. ಗುರಿ ಸಿಡಿ3. 1985ರಲ್ಲಿ ಪ್ರಕಟವಾದ ಹಲವು ಆಸ್ಪತ್ರೆಗಳ ಅಧ್ಯಯನದಲ್ಲಿ ಅದು ತೀವ್ರ ನಿರಾಕರಣೆಯನ್ನು ಶೇ. 94ರಷ್ಟು ಪ್ರಕರಣಗಳಲ್ಲಿ ಹಿಮ್ಮೆಟ್ಟಿಸಿತ್ತು. ಸ್ಟಿರಾಯ್ಡ್ ಪಡೆದವರಲ್ಲಿ ಅದು ಶೇ. 75. ಎಲ್ಲರೂ ಹಿಗ್ಗಿದರು. ಆದರೆ ಸಿಡಿ3 ಎಂದರೆ ಕೋಶವನ್ನು ಎಬ್ಬಿಸುವ ಗುಂಡಿ. ಪ್ರತಿಕಾಯ ಹೋಗಿ ಅದನ್ನು ಹಿಡಿದ ಕೂಡಲೇ ಸಾಯುವ ಮುನ್ನ ಕೋಶಗಳೆಲ್ಲ ಒಮ್ಮೆಗೇ ಎದ್ದು ರಾಸಾಯನಿಕಗಳನ್ನು ಕಾರುತ್ತಿದ್ದವು. ಮೊದಲ ಡೋಸಿಗೆ ಚಳಿ, ಜ್ವರ, ಕೆಲವರಿಗೆ ಶ್ವಾಸಕೋಶದಲ್ಲಿ ನೀರು. ಜೊತೆಗೆ ಅದು ಅಪ್ಪಟ ಇಲಿಯ ಪ್ರೋಟೀನು. ರೋಗಿಯ ದೇಹ ಅದರ ವಿರುದ್ಧವೇ ಪ್ರತಿಕಾಯ ತಯಾರಿಸಿ, ಮುಂದಿನ ಡೋಸು ನಿಷ್ಫಲವಾಗುತ್ತಿತ್ತು. 1990ರಲ್ಲಿ ಇನ್ನೊಂದು ಪೆಟ್ಟು ಬಿತ್ತು: ಹೃದಯ ಕಸಿಯಾದವರಲ್ಲಿ ಒಕೆಟಿ3 ಪಡೆದವರ ಪೈಕಿ ಶೇ. 11.4ರಷ್ಟು ಮಂದಿಗೆ ಲಿಂಫೋಮಾ (ಲಿಂಫೋಸೈಟ್‌ಗಳ ಕ್ಯಾನ್ಸರ್) ಬಗೆಯ ಗೆಡ್ಡೆ ಬಂದಿತ್ತು. ಪಡೆಯದವರಲ್ಲಿ ಅದು ಶೇ. 1.3 ಮಾತ್ರ. ಎಪ್‌ಸ್ಟೀನ್-ಬಾರ್ ಎಂಬ ವೈರಸ್ ನಮ್ಮಲ್ಲಿ ಬಹುತೇಕ ಎಲ್ಲರ ಬಿ ಕೋಶಗಳಲ್ಲೂ ಮಲಗಿರುತ್ತದೆ, ಅದನ್ನು ಕಾಯುವವು ಟಿ ಕೋಶಗಳೇ. ಕಾವಲು ತೀರ ತೆಳುವಾದಾಗ ಅದು ಏಳುತ್ತದೆ. ಒಕೆಟಿ3 ಈಗ ಮಾರುಕಟ್ಟೆಯಲ್ಲಿಲ್ಲ. 1998ರಲ್ಲಿ ಬಂದ ಬೆಸಿಲಿಕ್ಸಿಮ್ಯಾಬ್‌ನಲ್ಲಿ ಹಿಡಿಯುವ ತುದಿ ಮಾತ್ರ ಇಲಿಯದು, ಉಳಿದ ಭಾಗ ಮನುಷ್ಯರದು. ಮೊದಲ ಡೋಸಿನ ಆ ಚಳಿಜ್ವರ ಇದರಲ್ಲಿ ಕಾಣುವುದಿಲ್ಲ. ನಿಮ್ಮ ತಮ್ಮನಿಗೂ ಅದು ಇಳಿದದ್ದು ಗೊತ್ತೇ ಆಗಿರಲಿಕ್ಕಿಲ್ಲ.

ಈಗ ಅಮ್ಮನ ಹೆದರಿಕೆಗೆ ಬರೋಣ. ಎಚ್‌ಐವಿಯಲ್ಲಿ ವೈರಸ್ಸು ಸಿಡಿ4 ಕೋಶದೊಳಗೇ ಮನೆ ಮಾಡಿ, ಔಷಧ ಕೊಡದಿದ್ದರೆ ವರ್ಷದಿಂದ ವರ್ಷಕ್ಕೆ ಎಣಿಕೆಯನ್ನು ತಿನ್ನುತ್ತದೆ. ಎಟಿಜಿ ಪಡೆದವರಲ್ಲಿ ಕಾರಣ ಒಂದು ಸಲ ಬಂದು ಹೋಗಿದೆ, ಎಣಿಕೆ ಮೇಲ್ಮುಖವಾಗಿದೆ. ರೋಗ ಬೇರೆಯೇ. ಆದರೆ ಎಣಿಕೆ ತಗ್ಗಿರುವ ತನಕ ಬರಬಹುದಾದ ಸೋಂಕುಗಳಲ್ಲಿ ಹೋಲಿಕೆ ಇದೆ ಎಂಬುದನ್ನು ಮುಚ್ಚಿಡಬಾರದು. ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾ ಇಬ್ಬರಿಗೂ ಬರಬಹುದು, ಅದಕ್ಕಾಗಿ ಇಬ್ಬರಿಗೂ ಕೊಡುವುದು ಕೋಟ್ರೈಮಾಕ್ಸಜೋಲ್ ಮಾತ್ರೆಯನ್ನೇ. ಸೈಟೊಮೆಗಾಲೊ ವೈರಸ್ಸಿಗೆ ವಾಲ್‌ಗ್ಯಾನ್ಸಿಕ್ಲೊವಿರ್ ಕೊಡುತ್ತಾರೆ. ಎಟಿಜಿ ಪಡೆದವರಿಗೆ ಅದನ್ನು ಹೆಚ್ಚು ಕಾಲ ಮುಂದುವರಿಸುವುದುಂಟು. ಕ್ಷಯವಂತೂ ನಮ್ಮ ನಾಡಿನಲ್ಲಿ ಸದಾ ಮನಸ್ಸಿನಲ್ಲಿರಬೇಕಾದ ರೋಗ, ಎರಡು ವಾರ ದಾಟಿದ ಕೆಮ್ಮನ್ನು ಲೋಕಲ್ ರೈಲಿನ ಧೂಳಿನ ಮೇಲೆ ಹೊರಿಸಿ ಕೂರಬಾರದು.

ರಿಪೋರ್ಟು ಓದುವಾಗ ಒಂದು ಮೋಸ ಹೋಗುವ ಜಾಗವಿದೆ. ಫ್ಲೋ ಸೈಟೊಮೆಟ್ರಿ ಎಂಬ ಪರೀಕ್ಷೆಯ ಕಾಗದದಲ್ಲಿ ಸಿಡಿ3, ಸಿಡಿ4, ಸಿಡಿ8, ಸಿಡಿ19 (ಇದು ಬಿ ಕೋಶದ ಗುರುತು) ಎಂದು ಸಾಲಾಗಿ ಬರೆದು ಎದುರಿಗೆ ಶೇಕಡಾ ಒಂದು, ಪ್ರತಿ ಮೈಕ್ರೊಲೀಟರಿಗೆ ಎಷ್ಟು ಎಂಬ ಎಣಿಕೆ ಒಂದು ಇರುತ್ತದೆ. ನೋಡಬೇಕಾದದ್ದು ಎಣಿಕೆಯನ್ನು. ಒಟ್ಟು ಲಿಂಫೋಸೈಟ್‌ಗಳೇ ಕುಸಿದಾಗ ಶೇ. 40 ಎಂಬುದು ನೋಡಲು ಚೆನ್ನಾಗಿಯೇ ಕಾಣುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಸಿಡಿ4 ಎಣಿಕೆ ಸಾಮಾನ್ಯವಾಗಿ 500ರಿಂದ 1500ರ ನಡುವೆ. ಇನ್ನೂ ಒಂದು: ಬೆಸಿಲಿಕ್ಸಿಮ್ಯಾಬ್ ಪಡೆದ ಮೊದಲ ವಾರಗಳಲ್ಲಿ ಸಿಡಿ25 ಪರೀಕ್ಷಿಸಿದರೆ ಆ ಕೋಶಗಳೇ ಮಾಯವಾದಂತೆ ತೋರಬಹುದು. ಪರೀಕ್ಷೆಯೂ ಒಂದು ಪ್ರತಿಕಾಯದಿಂದಲೇ ನಡೆಯುತ್ತದೆ, ಅದು ಅಂಟಿಕೊಳ್ಳಬೇಕಾದ ಜಾಗದಲ್ಲಿ ಔಷಧ ಮೊದಲೇ ಕೂತಿರುತ್ತದೆ. ಕೋಶ ಅಲ್ಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ. ಬೆಸಿಲಿಕ್ಸಿಮ್ಯಾಬ್ ಮಾತ್ರ ಪಡೆದ ನಿಮ್ಮ ತಮ್ಮನಿಗೆ ಈ ಪರೀಕ್ಷೆಯ ಅಗತ್ಯವೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ನೆರೆಯವರ ರಿಪೋರ್ಟು ನೋಡಿ ಮಾಡಿಸಬೇಡಿ, ಆ ದುಡ್ಡನ್ನು ದಿನಾ ನುಂಗುವ ಟ್ಯಾಕ್ರೊಲಿಮಸ್ ಮಾತ್ರೆಯ ರಕ್ತದ ಮಟ್ಟದ ಪರೀಕ್ಷೆಗೆ ಇಟ್ಟುಕೊಳ್ಳಿ.

ಸಿಡಿ25 ಇನ್ನೊಂದು ಬಗೆಯ ಟಿ ಕೋಶಗಳ ಮೇಲೆ ಸದಾಕಾಲ ಇರುತ್ತದೆ. ಅವುಗಳ ಹೆಸರು ನಿಯಂತ್ರಕ ಟಿ ಕೋಶಗಳು. ಉಳಿದವುಗಳನ್ನು ಸಮಾಧಾನದಲ್ಲಿಡುವುದು ಇವುಗಳ ಕೆಲಸ. ಬೆಸಿಲಿಕ್ಸಿಮ್ಯಾಬ್ ಇವುಗಳನ್ನೂ ತಡೆದರೆ ಲಾಭಕ್ಕಿಂತ ನಷ್ಟವಾಗದೇ ಎಂಬ ಚರ್ಚೆ ತಜ್ಞರಲ್ಲಿದೆ. ಔಷಧ ಇಳಿದ ಮೇಲೆ ಅವು ಚೇತರಿಸಿಕೊಳ್ಳುತ್ತವೆ. ಹಾಸಿಗೆಯ ಪಕ್ಕದಲ್ಲಿ ನಿಂತು ನೋಡುವವನಿಗೆ ಅದರಿಂದ ಹೆಚ್ಚಿನ ಕೇಡು ಕಂಡಿಲ್ಲ.

ಇನ್ನು ಮಾತ್ರೆ ಏಕೆ ಎಂಬ ಪ್ರಶ್ನೆ. ಹೊಸ ಕಿಡ್ನಿಯ ಮೇಲೆ ನಿರಾಕರಣೆಯ ದಾಳಿ ಅತಿ ಹೆಚ್ಚು ಆಗುವುದು ಮೊದಲ ಕೆಲವು ತಿಂಗಳಲ್ಲಿ. ಅದರಲ್ಲೂ ಮೊದಲ ವಾರಗಳನ್ನು ದಾಟಿಸಲು ಇಂಜೆಕ್ಷನ್. ಆದರೆ ಅಮ್ಮನ ಕಿಡ್ನಿ ಎಷ್ಟು ವರ್ಷ ಕಳೆದರೂ ತಮ್ಮನ ಟಿ ಕೋಶಗಳಿಗೆ ಅನ್ಯವೇ. ಟ್ಯಾಕ್ರೊಲಿಮಸ್ ಕೋಶದೊಳಗೆ ಇಂಟರ್‌ಲ್ಯೂಕಿನ್-2 ತಯಾರಾಗುವುದನ್ನೇ ತಡೆಯುತ್ತದೆ, ಮೈಕೊಫಿನೊಲೇಟ್ ಕೋಶ ವಿಭಜನೆಗೆ ಬೇಕಾದ ಸಾಮಗ್ರಿಯನ್ನು ಕಡಿತಗೊಳಿಸುತ್ತದೆ. ಬೆಸಿಲಿಕ್ಸಿಮ್ಯಾಬ್ಅನ್ನೇ ತಿಂಗಳು ತಿಂಗಳು ಕೊಡಬಾರದೇ ಎಂದರೆ, ಟಿ ಕೋಶಗಳಿಗೆ ಇಂಟರ್‌ಲ್ಯೂಕಿನ್-15ರಂತಹ ಬೇರೆ ದಾರಿಗಳೂ ಇವೆ. ಒಂದು ಬಾಗಿಲು ಮುಚ್ಚಿದರೆ ಅವು ಇನ್ನೊಂದನ್ನು ಹುಡುಕಿಕೊಳ್ಳುತ್ತವೆ. ಮಾತ್ರೆ ತಪ್ಪಿಸುವುದೆಂದರೆ ಆ ಬಾಗಿಲುಗಳನ್ನೆಲ್ಲ ನಾವೇ ತೆರೆದುಕೊಟ್ಟಂತೆ. ವರ್ಷಗಳ ಬಳಿಕ ಕಿಡ್ನಿ ಕಳೆದುಕೊಂಡು ಬರುವವರಲ್ಲಿ ನಾನು ಮತ್ತೆ ಮತ್ತೆ ಕಾಣುವ ಕಾರಣ ಅದೇ: ‘ಈಗ ಚೆನ್ನಾಗಿದ್ದೇನಲ್ಲ’ ಎಂದು ಮಾತ್ರೆ ಬಿಟ್ಟದ್ದು.

ಟ್ಯಾಕ್ರೊಲಿಮಸ್ ಮಟ್ಟವನ್ನು ಅಳೆಯುವುದು ಬೆಳಗಿನ ಮಾತ್ರೆ ನುಂಗುವ ಮುನ್ನ, ಹಿಂದಿನ ರಾತ್ರಿಯ ಡೋಸಿಗೆ ಸುಮಾರು ಹನ್ನೆರಡು ಗಂಟೆ ಆದಾಗ. ಬೆಳಗಿನ ರೈಲಿನ ಗಡಿಬಿಡಿಯಲ್ಲಿ ಮನೆಯಲ್ಲೇ ಮಾತ್ರೆ ನುಂಗಿ ಪರೇಲಿನ ಲ್ಯಾಬಿಗೆ ಬಂದರೆ ಅಂಕಿ ಸುಳ್ಳು ಹೇಳುತ್ತದೆ, ವೈದ್ಯರು ಡೋಸು ಇಳಿಸಿಬಿಡುತ್ತಾರೆ. ಮಾತ್ರೆಯನ್ನು ಕಿಸೆಯಲ್ಲಿಟ್ಟುಕೊಂಡು ಬಂದು, ರಕ್ತ ಕೊಟ್ಟ ಮೇಲೆ ನುಂಗಲಿ. ಚಕ್ಕೋತ ಹಣ್ಣು ಈ ಔಷಧದ ಮಟ್ಟ ಏರಿಸುತ್ತದೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ನೆಲಕ್ಕಿಳಿಸುತ್ತದೆ. ಬೇರೆ ವೈದ್ಯರು ಹೊಸ ಮಾತ್ರೆ ಬರೆದರೆ ಕಸಿ ವಿಭಾಗಕ್ಕೆ ಒಂದು ಫೋನು ಮಾಡದೆ ಆರಂಭಿಸಬೇಡಿ.

‘ಶಕ್ತಿ ಬರಲಿ’ ಎಂದು ಊರಿನಿಂದ ಅಮೃತಬಳ್ಳಿಯ ಕಷಾಯ ಬರುವುದು ಖಂಡಿತ. ದಯವಿಟ್ಟು ಕೊಡಬೇಡಿ. ಎಷ್ಟೋ ಖರ್ಚು ಮಾಡಿ ನಾವು ತಗ್ಗಿಸಿರುವುದನ್ನೇ ಅದು ಕೆರಳಿಸಬಾರದಲ್ಲ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳನ್ನು 2021ರಲ್ಲಿ ಮುಂಬಯಿಯ ವೈದ್ಯರೇ ವರದಿ ಮಾಡಿದ್ದಾರೆ. ಹೋಟೆಲಿಗೆ ಮರಳಬಹುದೇ ಎಂದರೆ, ಮರಳಬಹುದು. ಗಲ್ಲೆಯಲ್ಲಿ ಕೂರುವಾಗ ಕೈ ತೊಳೆಯುವ ಅಭ್ಯಾಸ ಇರಲಿ. ಹಸಿ ಚಟ್ನಿ, ಹಸಿ ಮೊಳಕೆಕಾಳು ಬೇಡ, ಬಿಸಿ ಇಡ್ಲಿಗೆ ಯಾರ ತಕರಾರೂ ಇಲ್ಲ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಕಾಲಿಟ್ಟು ನಡೆಯುವುದು ಬೇಡವೇ ಬೇಡ. ಇಲಿಜ್ವರ ಮುಂಬಯಿ ಕಡೆ ಪ್ರತಿ ಮಳೆಗಾಲವೂ ಬರುತ್ತದೆ. ಜೀವಂತ ರೋಗಾಣು ಇರುವ ಲಸಿಕೆಗಳನ್ನು ತಮ್ಮನಿಗೆ ಹಾಕಿಸಬಾರದು. ಮನೆಯಲ್ಲಿ ಹಸುಗೂಸು ಇದ್ದರೆ, ಬಾಯಿಗೆ ಹಾಕುವ ಪೋಲಿಯೊ ಹನಿಯ ಬಗ್ಗೆ ಮಕ್ಕಳ ವೈದ್ಯರಿಗೆ ಮೊದಲೇ ತಿಳಿಸಿ.

ಪುಣೆಯ ಮಾವನವರ ಔಷಧ ಪೆಂಬ್ರೊಲಿಜುಮ್ಯಾಬ್ ಅಥವಾ ನಿವೊಲುಮ್ಯಾಬ್ ಬಗೆಯದಾಗಿರಬೇಕು. ಟಿ ಕೋಶದ ಮೇಲೆ ಪಿಡಿ-1 ಎಂಬ ತಡೆಗುಂಡಿ ಇದೆ, ಕ್ಯಾನ್ಸರ್ ಅದನ್ನು ಒತ್ತಿಹಿಡಿದು ಟಿ ಕೋಶವನ್ನು ನಿದ್ದೆಗೆ ಕೆಡಹುತ್ತದೆ. ಈ ಪ್ರತಿಕಾಯಗಳು ಆ ತಡೆಯನ್ನು ಬಿಡಿಸುತ್ತವೆ. 2018ರ ವೈದ್ಯಕೀಯ ನೊಬೆಲ್ ಈ ಬಗೆಯ ಚಿಕಿತ್ಸೆಗೆ ದಾರಿ ತೋರಿದ ಇಬ್ಬರಿಗೆ ಸಂದಿತು. ಮಾವನವರಿಗೆ ಅದು ವರವಾಗಬಹುದು. ಆದರೆ ಹೊಸ ಕಿಡ್ನಿಯನ್ನು ಟಿ ಕೋಶಗಳು ಸಹಿಸಿಕೊಂಡಿರುವುದರಲ್ಲಿ ಇದೇ ತಡೆಯ ಪಾಲೂ ಇದೆ. ಕಸಿಯಾದ ಕಿಡ್ನಿ ಇರುವವರಿಗೆ ಕ್ಯಾನ್ಸರ್ ಬಂದು ಈ ಔಷಧ ಕೊಟ್ಟಾಗ ಸುಮಾರು ಹತ್ತರಲ್ಲಿ ನಾಲ್ವರಲ್ಲಿ ನಿರಾಕರಣೆ ಆದದ್ದನ್ನು ಪ್ರಕಟಿತ ವರದಿಗಳು ತೋರಿಸುತ್ತವೆ. ಹಲವರು ಡಯಾಲಿಸಿಸ್‌ಗೆ ಮರಳಬೇಕಾಯಿತು. ಕೊಡಲೇಬಾರದೆಂದಲ್ಲ. ಜೀವ ಮತ್ತು ಕಿಡ್ನಿಯ ನಡುವೆ ಆಯ್ಕೆ ಬಂದಾಗ ಎರಡೂ ವಿಭಾಗದ ವೈದ್ಯರು ಒಟ್ಟಿಗೆ ಕೂತು, ರೋಗಿಗೂ ಬಿಡಿಸಿ ಹೇಳಿ ನಿರ್ಧರಿಸುತ್ತಾರೆ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಈ ವಾರವೇ ಮಾಡಿ. ತಮ್ಮನ ಡಿಸ್ಚಾರ್ಜ್ ಕಾಗದದಲ್ಲಿ ಬೆಸಿಲಿಕ್ಸಿಮ್ಯಾಬ್ ಎಂಬ ಹೆಸರು, ಡೋಸು, ಕೊಟ್ಟ ಎರಡು ದಿನಾಂಕಗಳು ನಮೂದಾಗಿವೆಯೇ ನೋಡಿ. ‘ಇಂಡಕ್ಷನ್ (ಕಸಿಯ ಹೊತ್ತಿನ ಇಂಜೆಕ್ಷನ್) ಕೊಡಲಾಗಿದೆ’ ಎಂದಷ್ಟೇ ಇದ್ದರೆ ಬರೆಸಿಕೊಳ್ಳಿ. ಇದೇ ಔಷಧವನ್ನು ವರ್ಷಗಳ ಬಳಿಕ ಎರಡನೆಯ ಸಲ ಕೊಟ್ಟಾಗ ತೀವ್ರ ಅಲರ್ಜಿ ಆದ ಉದಾಹರಣೆಗಳಿವೆ. ಅಲೆಮ್ಟುಜುಮ್ಯಾಬ್, ರಿಟುಕ್ಸಿಮ್ಯಾಬ್ (ಬಿ ಕೋಶಗಳನ್ನು ನಾಶ ಮಾಡುವ ಮೊನೊಕ್ಲೋನಲ್), ಎಟಿಜಿ ಪಡೆದವರಿಗಂತೂ ಈ ನಮೂದು ಇನ್ನೂ ಮುಖ್ಯ. ಔಷಧ ರಕ್ತದಲ್ಲಿ ಉಳಿದಿರುವಾಗ ಕ್ರಾಸ್‌ಮ್ಯಾಚ್ ಪರೀಕ್ಷೆ (ರೋಗಿಯ ರಕ್ತವನ್ನು ದಾನಿಯ ಕೋಶಗಳ ಜೊತೆ ಬೆರೆಸಿ ನೋಡುವುದು) ಮಾಡಿದರೆ, ದಾನಿಯ ವಿರುದ್ಧ ಪ್ರತಿಕಾಯ ಇಲ್ಲದಿದ್ದರೂ ಇದೆ ಎಂದೇ ಫಲಿತಾಂಶ ಬರುತ್ತದೆ. ಪ್ರಯೋಗಾಲಯದವರಿಗೆ ಔಷಧದ ಹೆಸರು, ದಿನಾಂಕ ಗೊತ್ತಿದ್ದರೆ ಆ ಫಲಿತಾಂಶವನ್ನು ಹೇಗೆ ಓದಬೇಕೆಂದು ಅವರಿಗೆ ತಿಳಿಯುತ್ತದೆ. ಪಕ್ಕದ ಹಾಸಿಗೆಯವರ ಜೊತೆ ಈಗಲೂ ಫೋನಿನ ಬಳಕೆ ಇದ್ದರೆ ಅವರಿಗೂ ಇದನ್ನು ಹೇಳಿ. ಕೋಟ್ರೈಮಾಕ್ಸಜೋಲ್ ನಿಲ್ಲಿಸುವ ಮುನ್ನ ವೈದ್ಯರನ್ನು ಒಂದು ಸಲ ಕೇಳಿಕೊಳ್ಳಲಿ.